ಬಾಯಿಗೆ ಬೀಗ

ನವೆಂಬರ್ 6, ಸೋಮವಾರ. ಬೆಳಗ್ಗೆ 9.20

ಇಪ್ಪತ್ಮೂರು ಮಕ್ಕಳನ್ನೂ ಶಾಲೆಯ ಗೇಟಿನೊಳಗೆ ಬಿಟ್ಟಾಯಿತು. ಖಾಲಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಸೀಟಿನ ಕೆಳಗೆ ಸಿಕ್ಕಿದ್ದು: ಒಂದು ಸಾಕ್ಸು, ಅರ್ಧ ಬಿಸ್ಕತ್ತು, ಯಾರದೋ ಹಲ್ಲು. ಹಲ್ಲನ್ನು ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ನಾಳೆ ಒಬ್ಬೊಬ್ಬರ ಬಾಯಿ ತೆರೆಸಿ ನೋಡಿದರೆ ವಾರಸುದಾರ ಸಿಗುತ್ತಾನೆ.

ಇವತ್ತೂ ಬೀಗದಾಟ ಆಡಿಸಿದೆ. ನಾನೇ ಹುಟ್ಟಿಸಿದ ಆಟ, ನಾಲ್ಕು ವರ್ಷದ್ದು. ದೊಡ್ಡ ತಿರುವಿನ ಹತ್ತಿರ ತುಟಿ ಮೇಲೆ ಕೀಲಿ ತಿರುಗಿಸಿದ ಹಾಗೆ ಮಾಡುತ್ತೇನೆ. ಅಷ್ಟೇ, ಎಲ್ಲರ ಬಾಯಿಗೂ ಬೀಗ. "ಬೀಗ ತೆಗೆದೆ" ಅನ್ನುವವರೆಗೂ ತುಟಿ ಪಿಟಕ್ಕನ್ನುವ ಹಾಗಿಲ್ಲ. ನಡುವೆ ನಾನೇ ಮೋಸ ಮಾಡುತ್ತೇನೆ. ಹೆಸರು ಹಿಡಿದು ಕರೆಯುತ್ತೇನೆ. "ಅಯ್ಯೋ, ನಿನ್ನ ಬ್ಯಾಗ್ ಬಿತ್ತು" ಅನ್ನುತ್ತೇನೆ. ಓಗೊಟ್ಟವರು ಔಟ್. ಗೆದ್ದವರಿಗೆ ನನ್ನ ವಿಸಿಲ್ ಒಂದು ಸಲ ಊದುವ ಅಧಿಕಾರ.

ಡ್ರೈವರ್‌ಗೆ ಈ ಆಟ ಅಂದರೆ ಪ್ರಾಣ. "ಅಕ್ಕಾ, ನೀವು ಬೀಗ ಹಾಕಿದ್ಮೇಲೇ ನನಗೆ ಇಂಜಿನ್ ಸದ್ದು ಕೇಳ್ಸೋದು" ಅಂದ. ಬೇರೆ ಬಸ್ಸಿನ ಆಯಾಗಳು ಗಂಟಲು ಹರಿದುಕೊಳ್ಳುತ್ತಾರೆ. ನನ್ನ ಬಸ್ಸು ಲೈಬ್ರರಿ. ಜಂಬ ಸ್ವಲ್ಪ ಇದೆ, ಇರಲಿ.

ನಾನು ರೇಡಿಯೋ ಅಂತ ಕರೆಯುವ ಹುಡುಗಿ ಎಂಟು ಎಣಿಸುವುದರೊಳಗೆ ಔಟ್. ಎಂದಿನಂತೆ.

ನವೆಂಬರ್ 8, ಬುಧವಾರ. ಮಧ್ಯಾಹ್ನ 2

ರೇಡಿಯೋ — ನಾಲ್ಕೂವರೆ ವರ್ಷದ ಹುಡುಗಿ, ನಡುವಿನ ಸೀಟು. ಹತ್ತುವಾಗ ಶುರುವಾದ ಮಾತು ಇಳಿದ ಮೇಲೂ ನಿಲ್ಲುವುದಿಲ್ಲ. ಇವತ್ತಿನ ವಾರ್ತೆ: ಅವರ ಬೆಕ್ಕಿಗೆ ಜ್ವರ, ಅಪ್ಪನ ಗೊರಕೆ, ಅಪ್ಪನಿಗೆ ಹೇಳದೆ ಅಮ್ಮ ಕೊಂಡ ಚಪ್ಪಲಿ.

ಬೆಳಗ್ಗೆಯಿಂದ ತಲೆ ಸಿಡಿಯುತ್ತಿತ್ತು. ಅವಳಿಂದ ಆಟ ಕೆಟ್ಟಿತು. ರೇಗಿಬಿಟ್ಟೆ.

"ನಿನ್ ಕೈಲಾಗಲ್ಲ ಬಿಡೇ. ಒಂದು ದಿನ ಆದ್ರೂ ಗೆದ್ದಿದ್ದೀಯಾ?"

ಮುಖ ಸಣ್ಣಗಾಯಿತು. "ನಾಳೆ ಗೆಲ್ತೀನಿ ಬಸ್ಸತ್ತೆ."

ಮಕ್ಕಳೆಲ್ಲ ಹಾಗೇ ಕರೆಯೋದು ನನ್ನನ್ನ.

"ನೋಡೋಣ. ನಾನು ಏನೇ ಅಂದ್ರೂ ಬಾಯಿ ಬಿಡ್ಬಾರ್ದು."

"ನೀವು ಅತ್ರೂ?"

"ನಾನು ಅತ್ರೂ."

ಇಳಿಯುವಾಗ ಆಗಲೇ ತುಟಿ ಒಳಗೆ ಮಡಚಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಡ್ರೈವರೂ ನಾನೂ ಬಿದ್ದು ಬಿದ್ದು ನಕ್ಕೆವು.

ನವೆಂಬರ್ 9, ಗುರುವಾರ. ಸಂಜೆ 7

ಎಲ್ಲರೂ ಬದುಕಿದ್ದಾರೆ. ಇಪ್ಪತ್ಮೂರೂ ಬದುಕಿದ್ದಾರೆ.

ಮೂರು ಸಲ ತಲೆ ತೊಳೆದೆ. ಹೊಗೆ ವಾಸನೆ ಹೋಗುತ್ತಿಲ್ಲ.

ನವೆಂಬರ್ 11, ಶನಿವಾರ

ಬರೆದರೆ ಹಗುರಾಗುತ್ತೆ ಅಂತ ತಂಗಿ ಅಂದಳು. ಅವಳಿಗೆ ಪೂರ್ತಿ ಗೊತ್ತಿಲ್ಲ.

ಗುರುವಾರ ಮಧ್ಯಾಹ್ನದ ಟ್ರಿಪ್. ಬೀಗ ಹಾಕಿ ಎರಡು ನಿಮಿಷ ಆಗಿತ್ತೇನೋ. ಡ್ರೈವರ್ ಎದುರಿನ ಮೀಟರ್ ಸಂದಿಯಿಂದ ಹೊಗೆ. ಮೊದಲು ದಾರದಷ್ಟು, ಆಮೇಲೆ ಬುಸ್ಸೆಂದು ಬಂತು. ವೈರು ಸುಟ್ಟಿದ್ದಂತೆ. ಅವನು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಮುಂದಿನ ಮಕ್ಕಳನ್ನು ಮುಂದಿನ ಬಾಗಿಲಿಂದ ಇಳಿಸಿದ. ನಾನು ಉಳಿದವರನ್ನು ಹಿಂದಿನ ಎಮರ್ಜೆನ್ಸಿ ಬಾಗಿಲಿಂದ. ಇಳೀರಿ, ಓಡಿ, ಬ್ಯಾಗ್ ಬಿಡಿ — ಎಲ್ಲ ಕೂಗಿದೆ. ಅದೊಂದು ಮಾತು ಮಾತ್ರ ಅನ್ನಲಿಲ್ಲ.

ಕಾಂಪೌಂಡ್ ಗೋಡೆಗೆ ಒರಗಿಸಿ ತಲೆ ಮುಟ್ಟಿ ಎಣಿಸಿದೆ. ನನ್ನ ಹತ್ತಿರ ಹತ್ತು. "ಈ ಕಡೆ ಹದಿಮೂರು ಅಕ್ಕಾ!" ಅಂತ ಅವನು ಕೂಗಿದ. ಇಪ್ಪತ್ಮೂರು. ಅಬ್ಬಾ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಮುಂದಿನ ಬಾಗಿಲಿಂದ ಇಳಿದ ಒಬ್ಬ ಪುಟ್ಟ, ತನ್ನ ಅಕ್ಕನನ್ನು ಹುಡುಕಿಕೊಂಡು ನನ್ನ ಸಾಲಿಗೆ ಬಂದು ನಿಂತಿದ್ದ. ಇಬ್ಬರ ಲೆಕ್ಕದಲ್ಲೂ ಅವನಿದ್ದ.

ಪ್ರಶ್ನೆರಾಯ ನನ್ನ ಸೆರಗು ಜಗ್ಗಿದ. ದಿನಕ್ಕೆ ನೂರು ಪ್ರಶ್ನೆ ಕೇಳುವ ಹುಡುಗ, ಸುಮ್ಮನಿರೋ ಅನ್ನಲು ಹೊರಟಿದ್ದೆ. "ಬಸ್ಸತ್ತೆ, ನನ್ನ ಪಕ್ಕ ಕೂರೋಳು ಎಲ್ಲಿ?"

ಬಾಗಿಲಿಗೆ ಓಡಿದೆ. ಒಳಗೆ ಹೊಗೆ ಬಿಟ್ಟರೆ ಏನೂ ಕಾಣುತ್ತಿಲ್ಲ. ಹೆಸರು ಹಿಡಿದು ಕೂಗಿದೆ. "ಎಲ್ಲಿದ್ದೀಯೇ? ಒಂದ್ಸಲ ಓ ಅನ್ನೇ!" ಅತ್ತುಬಿಟ್ಟೆ. ಉತ್ತರವಿಲ್ಲ. ಆ ಬಾಯಿಬಡುಕಿ ಒಳಗಿದ್ದು ಸುಮ್ಮನಿರುತ್ತಾಳೆಯೇ? ಇಳಿದು ರಸ್ತೆಗೆ ಓಡಿರಬೇಕು ಅಂತ ಅಂಗಡಿ ಸಾಲಿನ ಕಡೆ ಹುಡುಕಲು ಹೋದೆ. ಐದು ನಿಮಿಷ. ಪೂರ್ತಿ ಐದು ನಿಮಿಷ.

ಡ್ರೈವರ್ ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ನುಗ್ಗಿದ. ಹೊತ್ತು ತಂದ. ಸೀಟಿನ ಕೆಳಗೆ ಬೋರಲು ಮಲಗಿದ್ದಳಂತೆ, ಪ್ರಜ್ಞೆಯಿಲ್ಲ. ಎರಡೂ ಕೈ ಬಾಯಿ ಮೇಲೆ. ಹೊಗೆಗೆ ಮುಚ್ಚಿಕೊಂಡಿದ್ದಾಳೆ ಪಾಪ ಅಂದ.

ಹೌದು ಅಂದೆ.

ನವೆಂಬರ್ 13, ಸೋಮವಾರ

ಅಸೆಂಬ್ಲಿಯಲ್ಲಿ ನಮ್ಮಿಬ್ಬರನ್ನೂ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. "ಸಮಯಪ್ರಜ್ಞೆ" ಅಂದರು ಪ್ರಿನ್ಸಿಪಾಲರು. ನೆಲ ನೋಡುತ್ತ ನಿಂತಿದ್ದೆ. ವಿನಯ ಅಂದುಕೊಂಡಿರಬೇಕು.

ಆಮೇಲೆ ಆಫೀಸಿನಲ್ಲಿ ಒಂದು ಫಾರ್ಮ್. ಏಳನೇ ಪ್ರಶ್ನೆ: ಕರೆದಾಗ ಮಗು ಯಾಕೆ ಉತ್ತರ ಕೊಡಲಿಲ್ಲ? ಪೆನ್ನು ಹಿಡಿದು ಕೂತೆ. ಗುಮಾಸ್ತ ಎರಡು ಸಲ ಗಡಿಯಾರ ನೋಡಿದ.

"ಗಾಬರಿಯಿಂದ" ಅಂತ ಬರೆದೆ. ಸಹಿ ಹಾಕಿದೆ.

ನವೆಂಬರ್ 17, ಶುಕ್ರವಾರ

ರೇಡಿಯೋಳ ಅಮ್ಮ ಫೋನ್ ಮಾಡಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಕೆಮ್ಮು ಇದೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನೊಂದು — ಒಂದು ಮಾತೂ ಆಡುತ್ತಿಲ್ಲ. ಗಂಟಲಿಗೆ ಏನೂ ಆಗಿಲ್ಲ, ಭಯಕ್ಕೆ ಹೀಗೆ ಅಂದರಂತೆ ಡಾಕ್ಟರ್. ನೀರು ಬೇಕಾದರೂ ಬೆರಳು ತೋರಿಸುತ್ತಾಳಂತೆ.

"ಮನೆ ಬಿಕೋ ಅಂತಿದೆ ಅಕ್ಕಾ. ಆದ್ರೂ ನೀವು ಇದ್ದಿದ್ದಕ್ಕೆ ನಮ್ಮ ಮಗು ಉಳೀತು."

ಫೋನ್ ಇಟ್ಟ ಮೇಲೆ ಡ್ರೈವರ್‌ಗೆ ಆಟದ ವಿಷಯ ಹೇಳಿದೆ. ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡ. "ನನಗೂ ಅನ್ನಿಸ್ತು ಅಕ್ಕಾ, ಆ ಕೈ ನೋಡ್ದಾಗ್ಲೇ. ಆದ್ರೆ ಈಗ ಹೇಳಿ ಏನು ಬಂತು? ನಿಮ್ಮ ಕೆಲಸ ಹೋಗುತ್ತೆ, ಅಷ್ಟೇ. ಸುಮ್ನಿದ್ಬಿಡಿ."

ಸುಮ್ಮನಿರೋದು. ಅದನ್ನೇ ತಾನೆ ನಾನು ಕಲಿಸಿದ್ದು.

ನವೆಂಬರ್ 21, ಮಂಗಳವಾರ

ಬೇರೆ ಬಸ್ಸು ಕೊಟ್ಟಿದ್ದಾರೆ. ದೊಡ್ಡ ತಿರುವು ಬಂದರೆ ಮಕ್ಕಳು ತಾವಾಗಿಯೇ ನನ್ನ ಕೈ ನೋಡುತ್ತಾರೆ. "ಮಾತಾಡ್ರೋ, ಕಿರುಚ್ರೋ" ಅಂದೆ. ಇದೂ ಮೋಸ ಇರಬೇಕು ಅಂತ ಬಾಯಿ ಮುಚ್ಚಿಕೊಂಡರು!

ಪ್ರಶ್ನೆರಾಯ ಮಾತ್ರ ಕೇಳಿದ. "ಬಸ್ಸತ್ತೆ, ಅವತ್ತು ಬೀಗ ತೆಗೀಲೇ ಇಲ್ವಲ್ಲ ನೀವು?"

ಆಗ ಹೊಳೆಯಿತು. ಅವಳಿನ್ನೂ ಕಾಯುತ್ತಿದ್ದಾಳೆ.

ಎರಡೇ ಪದ. ಫೋನಿನಲ್ಲೂ ಹೇಳಬಹುದು. ಆದರೆ ಅವಳಮ್ಮ ಕೇಳುತ್ತಾಳೆ, ಯಾವ ಬೀಗ ಅಂತ. ಕೆಲಸ ಹೋದರೆ ಹೋಗಲಿ. ಆ ಹೆಂಗಸು ನನ್ನನ್ನು ಅಕ್ಕಾ ಅನ್ನುವ ಆ ದನಿ... ಅದು ಹೋಗುತ್ತದಲ್ಲ.

ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಹೇಡಿ.

ನವೆಂಬರ್ 24, ಶುಕ್ರವಾರ. ಸಂಜೆ 6

ಮೂರು ದಿನ ಬೇಕಾಯಿತು ನನಗೆ. ಒಂದು ಮಗುವಿನ ಮೂರು ದಿನ.

ಅವರ ಮನೆ ಬಾಗಿಲಲ್ಲಿ ಅಮ್ಮ ಕೊಂಡ ಆ ಹೊಸ ಚಪ್ಪಲಿ. ಸೋಫಾ ಮೇಲೆ ಬೆಕ್ಕು, ಪಕ್ಕದಲ್ಲಿ ಅವಳು. ಸೊರಗಿದ್ದಾಳೆ. ನನ್ನನ್ನು ನೋಡಿದ್ದೇ ತಡ, ತುಟಿ ಇನ್ನಷ್ಟು ಒಳಗೆ ಮಡಚಿಕೊಂಡಳು. ಅಮ್ಮ ಟೀ ತರಲು ಎದ್ದಿದ್ದಳು. ಅವಳು ಒಳಗೆ ಹೋದಾಗ ಹೇಳಿಬಿಡೋಣ ಅಂತ ಒಂದು ಮನಸ್ಸು. ಬೇಡ, ಕೂತ್ಕೋಮ್ಮ ಅಂದೆ.

ಮಗುವಿನ ಮುಂದೆ ಮೊಣಕಾಲೂರಿ ಕೀಲಿ ತಿರುಗಿಸಿದೆ. "ಬೀಗ ತೆಗೆದೆ ಕಣೇ."

ಕಣ್ಣು ಪಿಳಿಪಿಳಿ ಮಾಡಿದಳು. ಕೆಮ್ಮಿದಳು. ದನಿ ಒಡೆದಿತ್ತು.

"ನೀವು ಅತ್ರೂ ನಾನು ಮಾತಾಡ್ಲಿಲ್ಲ ಬಸ್ಸತ್ತೆ. ನಾನೇ ಗೆದ್ದಿದ್ದು ಅಲ್ವಾ?"

ಅಮ್ಮ ಬಾಚಿ ಅಪ್ಪಿಕೊಂಡಳು. ಅತ್ತಳು, ನಕ್ಕಳು. ನಾನು ವಿಸಿಲ್ ಬಿಚ್ಚಿ ಮಗುವಿನ ಕೈಗಿಟ್ಟೆ. ಕೆನ್ನೆ ಉಬ್ಬಿಸಿ ಊದಿದಳು. ಬರೀ ಗಾಳಿ ಬಂತು. ಇನ್ನೊಂದು ಸಲ ಊದಿದಳು. ಉಸಿರು ಸಾಲಲಿಲ್ಲ.

"ಏನಕ್ಕಾ ಅದು? ಏನು ಗೆದ್ದಿದ್ದು?" ಅಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತ.

ಆ ಬುಧವಾರದಿಂದ ಹೇಳಲು ಶುರು ಮಾಡಿದೆ. ತಲೆನೋವು, ರೇಗಿದ್ದು, "ನಾನು ಅತ್ರೂ" ಅಂದಿದ್ದು, ಫಾರ್ಮಿನಲ್ಲಿ ಬರೆದ ಸುಳ್ಳು — ಎಲ್ಲ. ಅವಳು ಪೂರ್ತಿ ಕೇಳಿದಳು. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ವಿಸಿಲ್ ಸೋಫಾ ಮೇಲೇ ಉಳಿಯಿತು.

ಒಳಗಿಂದ ರೇಡಿಯೋ ಕೇಳುತ್ತಲೇ ಇತ್ತು. ಹದಿನೈದು ದಿನದ ಬಾಕಿ ವಾರ್ತೆ, ನಡುನಡುವೆ ಕೆಮ್ಮು. ಅಮ್ಮನ ದನಿ ಮಾತ್ರ ಇಲ್ಲ. ಅರ್ಧ ಗಂಟೆ ಕೂತು ಎದ್ದು ಬಂದೆ. ಅವಳು ಹೊರಗೆ ಬಂದು ನಾಲ್ಕು ಬೈದಿದ್ದರೂ ಆಗುತ್ತಿತ್ತು. ಒಂದೇ ಒಂದು ಮಾತು ಆಡಿದ್ದರೂ ಸಾಕಿತ್ತು.