ಏಳನೇ ಕ್ರೇನಿನ ಗೊಣಗಾಟ

ಬಾಡಿಗೆ ಕೋಣೆ, ಕಿಟಕಿಯ ಪಕ್ಕದ ಮೇಜು
ಬುಧವಾರ, ಸಂಜೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಎಡಗೈ ಜೋಮು ಹಿಡಿಯುವುದು ನಿಂತಿತೇ? ಭಾನುವಾರದ ಫೋನಿನಲ್ಲಿ ಕೇಳಿದಾಗಲೆಲ್ಲ 'ಹಿಡಿದಿತ್ತು, ಸರಿಹೋಯ್ತು' ಅನ್ನುತ್ತೀಯ. ಕ್ರೇನಿನ ಏಣಿ ಹತ್ತುವಾಗ ನಡುವೆ ನಿಂತು ಸುಧಾರಿಸಿಕೊಳ್ಳುತ್ತೀಯೋ, ಅಥವಾ ಕೆಳಗಿನವರು ನೋಡುತ್ತಾರೆಂದು ಒಂದೇ ಉಸಿರಿಗೆ ಹತ್ತಿಬಿಡುತ್ತೀಯೋ? ನಾನು ಚೆನ್ನಾಗಿದ್ದೇನೆ. ಊಟ ಬಿಡುತ್ತಿಲ್ಲ. ನೀನು ಕಳಿಸಿದ ಸ್ವೆಟರಿನ ತೋಳು ಉದ್ದವಾಯಿತು, ಮಡಿಸಿ ಹಾಕಿಕೊಳ್ಳುತ್ತೇನೆ. ನಾನಿನ್ನೂ ಬೆಳೆಯುತ್ತೇನೆಂದು ನಿನಗೆ ಯಾರು ಹೇಳಿದರೋ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮ ಆಫೀಸಿನ ಮೆಕ್ಯಾನಿಕ್ ನಾಳೆ ಮೊದಲ ಬಸ್ಸಿಗೆ ನಿಮ್ಮ ಬಂದರಿಗೆ ಹೊರಡುತ್ತಾನೆ, ಅವನ ಕೈಗೇ ಕೊಡುತ್ತೇನೆ. ನಿಂತಲ್ಲೇ ಓದಿ ಮುಗಿಸು. ಆಮೇಲೆ ಓದಿದರಾಯಿತು ಎಂದು ಜೇಬಿಗಿಟ್ಟುಕೊಂಡು ಮೇಲೆ ಹತ್ತಬೇಡ.

ನನ್ನ ಕೆಲಸವೇನೆಂದು ನೀನು ಕೇಳಿದಾಗಲೆಲ್ಲ ತಡವರಿಸಿದ್ದೇನೆ. ಸಾಹಿತ್ಯ ಓದಿದವಳಿಗೆ ಕಂಪ್ಯೂಟರ್ ಕಂಪನಿಯಲ್ಲೇನು ಕೆಲಸ ಎಂದು ಚಿಕ್ಕಪ್ಪ ಈಗಲೂ ನಗುತ್ತಾನೆ. ಹೀಗೆ ನೋಡು. ನಿನ್ನ ಕ್ರೇನಿನ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ತಳದಲ್ಲಿ ಒಂದು ತಂತ್ರಾಂಶವಿದೆ, ಅದಕ್ಕೆ ಕರ್ನಲ್ ಎನ್ನುತ್ತಾರೆ. ಮೋಟರು, ಬ್ರೇಕು, ಮೆಮೊರಿ, ಎಲ್ಲದರ ಯೋಗಕ್ಷೇಮ ವಿಚಾರಿಸುವುದು ಅದೇ. ಯಾವ ಭಾಗಕ್ಕೆ ಏನೇ ಆದರೂ ಪರದೆಯ ಕೆಳತುದಿಯಲ್ಲಿ ಒಂದು ಸಾಲು ಬರೆಯುತ್ತದೆ. ಆ ಸಾಲುಗಳನ್ನು ಎಂಜಿನಿಯರುಗಳು ತಮಗೋಸ್ಕರ ಬರೆದುಕೊಂಡಿದ್ದರು. ಅವು ಉಳಿದವರಿಗೂ ಅರ್ಥವಾಗುವಂತೆ ಮಾಡುವುದು ನನ್ನ ಕೆಲಸ. ನನ್ನ ಮೇಲಧಿಕಾರಿಯನ್ನು ಎಲ್ಲರೂ 'ಕತ್ತರಿ' ಎನ್ನುತ್ತಾರೆ, ಅವಳ ಎದುರಿಗೇ. ನನ್ನ ಮೊದಲ ಸಾಲನ್ನು ನೋಡಿ, 'ಓದೋರು ಕ್ರೇನ್ ಮೇಲೆ ಕೂತಿರ್ತಾರಮ್ಮ, ಆರಾಮಕುರ್ಚಿ ಮೇಲಲ್ಲ. ಅರ್ಧ ಮಾಡು' ಅಂದಳು. ಅರ್ಧ ಮಾಡಿದೆ. ಅದರಲ್ಲಿ ಅರ್ಧ ಮಾಡು ಅಂದಳು. ಅವಳು ಹೇಳಿದ್ದೇ ಸರಿಯಿತ್ತು.

ಕಳೆದ ತಿಂಗಳು ಕ್ರೇನ್ ಓಡಿಸುವವರ ದೂರುಗಳ ಕಟ್ಟು ಬಂತು. ಅದರಲ್ಲಿ ಒಂದು, 'ಈ ಡಬ್ಬಿ ಹಲ್ಲುನೋವು ಬಂದ ಅತ್ತೆ ಥರ ದಿನವಿಡೀ ಗೊಣಗುತ್ತೆ, ಏನಾಗಿದೆ ಅಂತ ಮಾತ್ರ ಬಾಯಿಬಿಡಲ್ಲ.' ಏಳನೇ ಕ್ರೇನು ಎಂದು ನೋಡುವ ಮೊದಲೇ ನೀನೆಂದು ಗೊತ್ತಾಯಿತು. ಅಜ್ಜಿಗೆ ಕೇಳಿಸದಂತೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ನೀನು ಹೇಳುತ್ತಿದ್ದ ಮಾತಲ್ಲವೇ ಅದು. ಕತ್ತರಿ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದಳು, ಇಡೀ ಕೋಣೆ ನಕ್ಕಿತು. ಬರೆದವಳು ನಮ್ಮಮ್ಮ ಎಂದು ನಾನು ಹೇಳಲಿಲ್ಲ, ಹೆಮ್ಮೆಯಿಂದ ಕಿವಿ ಮಾತ್ರ ಬಿಸಿಯಾಯಿತು.

ನಿನ್ನ ಡಬ್ಬಿ ಗೊಣಗುತ್ತಿದ್ದದ್ದು ಇಷ್ಟೇ: 'ಮೆಮೊರಿ, ಮೂರನೇ ಗೂಡು: ದೋಷ ಕಂಡುಬಂದಿದೆ, ಸರಿಪಡಿಸಲಾಗಿದೆ.' ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಸರಿಪಡಿಸಿದ ಮೇಲೆ ಹೇಳುವುದೇಕೆ ಎಂದು ಕತ್ತರಿ ಕೇಳಿದಳು. ನನಗೂ ಹಾಗೇ ಅನಿಸಿತು. ಆ ಸಾಲು ಪರದೆಗೆ ಬಾರದಂತೆ ತಂತ್ರಾಂಶ ಬದಲಿಸಿದೆವು, 'ಜಾಸ್ತಿ ಬೈದವರಿಗೇ ಮೊದಲು ಕೊಡೋಣ' ಎಂದು ಅದರ ಪರೀಕ್ಷೆಗೆ ನಿನ್ನ ಕ್ರೇನನ್ನೇ ಆರಿಸಿದರು. ಭಾನುವಾರ ನೀನು ಎಷ್ಟು ಸಂತೋಷದಲ್ಲಿದ್ದೆ. 'ಈಗ ನೋಡು, ಹೊಸ ಸೊಸೆ ಥರ ತೆಪ್ಪಗಿದೆ' ಎಂದು ನಕ್ಕೆ. ನಾನೂ ನಕ್ಕೆ.

ಅಮ್ಮಾ, ಅದು ಸುಮ್ಮನಾಗಿಲ್ಲ. ಪರದೆಗೆ ಬಾರದಿದ್ದರೂ ಒಳಗೆ ಬರೆದಿಡುತ್ತದೆ, ಆ ದಾಖಲೆ ವಾರಕ್ಕೊಮ್ಮೆ ನಮಗೆ ಬರುತ್ತದೆ. ಇವತ್ತು ಬೆಳಿಗ್ಗೆ ಬೇರೇನೋ ಹುಡುಕಲು ಅದನ್ನು ತೆರೆದೆ. ಮೊದಲೆಲ್ಲ ಅಲ್ಲೊಂದು ಇಲ್ಲೊಂದು ಇದ್ದ ಆ ಸಾಲು ಈಗ ಒಂದರ ಬೆನ್ನಿಗೊಂದು ನಿಂತಿದೆ. ಪುಟ ಸರಿಸಿದಷ್ಟೂ ಅದೇ, ಪ್ರತಿಸಲವೂ ಮೂರನೇ ಗೂಡು. ಕರ್ನಲ್ ನೋಡಿಕೊಳ್ಳುವ ಎಂಜಿನಿಯರ್ ಹತ್ತಿರ ಓಡಿದೆ. ಅವನು ಬಿಚ್ಚಿಟ್ಟ ಯಂತ್ರಗಳ ನಡುವೆ ಡಬ್ಬಿ ತೆರೆದು ತಿಂಡಿ ತಿನ್ನುತ್ತಿದ್ದ. 'ಒಂದೆರಡು ಸಲ ಆದ್ರೆ ತಲೆ ಕೆಡಿಸ್ಕೋಬೇಡ. ಒಂದೇ ಗೂಡು ಮತ್ತೆ ಮತ್ತೆ ಅಂದ್ರೆ ಅದರಲ್ಲಿ ಕೂರಿಸಿರೋ ಮೆಮೊರಿ ಪಟ್ಟಿ ಸಾಯ್ತಿದೆ ಅಂತ' ಅಂದ. ಹಾಗಾದರೆ ಅದನ್ನು ಹಾಗೆಂದೇ ಬರೆಯಬಹುದಿತ್ತಲ್ಲ ಎಂದೆ. 'ಅಷ್ಟು ಸಲ ಹೇಳ್ತಲ್ಲ, ಇನ್ನು ಹೇಗೆ ಹೇಳ್ಬೇಕು?' ಅಂದ. ಯಾವ ಯಂತ್ರ ಎಂದು ಕೇಳಿದ. ಹೇಳಿದೆ. ಕ್ರೇನು ಎಂದದ್ದೇ ತಿಂಡಿಯ ಡಬ್ಬಿ ಮುಚ್ಚಿಬಿಟ್ಟ. ಹಾಡಿನ ಪಲ್ಲವಿ ಮರಳಿ ಬಂದಾಗಲೆಲ್ಲ ಅದರ ಅರ್ಥ ಭಾರವಾಗುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ನನ್ನ ಕಣ್ಣೆದುರೇ ಒಂದು ಸಾಲು ಮರಳಿ ಮರಳಿ ಬರುತ್ತಿದ್ದಾಗ ಅದನ್ನು ಬರೀ ಗದ್ದಲವೆಂದುಕೊಂಡೆ.

ಮುಂದೆ ಏನಾಗಬಹುದೆಂದು ಅವನೇ ಹೇಳಿದ. ಒಂದು ದಿನ ಆ ದೋಷ ಸರಿಪಡಿಸಲಾಗದಷ್ಟು ದೊಡ್ಡದಾಗುತ್ತದೆ. ತಪ್ಪು ಲೆಕ್ಕದಲ್ಲಿ ಮುಂದುವರಿಯುವ ಬದಲು ಕರ್ನಲ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಓಡುತ್ತಿದ್ದ ಕ್ರೇನಿಗೆ ಒಮ್ಮೆಲೇ ಬ್ರೇಕು ಬೀಳುತ್ತದೆ. ಆಗ ಕಂಟೇನರ್ ಗಾಳಿಯಲ್ಲಿದ್ದರೆ ಅದು ತೂಗಾಡುತ್ತದೆ, ಎತ್ತ ಕಡೆಗೆ ಎಂದು ಯಾರೂ ಹೇಳಲಾರರು. ಅದರ ಕೆಳಗೆ ನಿಂತು ನಿನಗೆ ಕೈಸನ್ನೆ ಮಾಡುವ ನಿನ್ನ ಗೆಳತಿ ನೆನಪಾದಳು. ಮೇಲೆ ಗಾಜಿನ ಕ್ಯಾಬಿನ್ನಿನಲ್ಲಿ ನೀನು.

ಆಫೀಸಿನ ಮಧ್ಯಾಹ್ನದ ಸಭೆಯಲ್ಲಿ ಎದ್ದು ನಿಂತೆ. ನನಗೆ ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ಹೇಗೆಂದು ನಿನಗೆ ಗೊತ್ತು. ಅರ್ಧ ಹೇಳುವುದರೊಳಗೆ ಕತ್ತರಿ ಬಂದರಿಗೆ ಫೋನು ಹಚ್ಚಿದಳು. ಅಲ್ಲಿನ ಅಧಿಕಾರಿ, 'ಹಡಗು ಕಾಯ್ತಾ ನಿಂತಿದೆ. ಪರದೆ ಮೇಲೆ ಏನೂ ಇಲ್ಲ, ಓಡಿಸೋ ಹೆಂಗಸೇ ಚೆನ್ನಾಗಿದೆ ಅಂತಾಳೆ. ನಿಮ್ಮ ಅನುಮಾನಕ್ಕೆಲ್ಲ ಕ್ರೇನ್ ನಿಲ್ಲಿಸಕ್ಕಾಗಲ್ಲ. ಅವಳೇ ಬೇಡ ಅಂದ್ರೆ ಅದು ಬೇರೆ ಮಾತು' ಅಂದು ಫೋನು ಇಟ್ಟುಬಿಟ್ಟ. ನಿನ್ನ ವಸತಿಗೆ ಫೋನು ಮಾಡಿದೆವು. ಕಾವಲುಗಾರ ತಾತ ಅಷ್ಟು ದೂರ ನಡೆದುಹೋಗಿ, ಮಗಳ ಫೋನು, ಕ್ರೇನು ಕೆಟ್ಟಿದೆಯಂತೆ ಎಂದು ಕ್ರೇನಿನ ಕೆಳಗಿನಿಂದ ಕೂಗಿ, ನಿನ್ನ ಉತ್ತರ ತಂದ: 'ಊಟ ಆಯ್ತಂತೆ, ಆರಾಮಂತೆ, ಕ್ರೇನೂ ಆರಾಮಂತೆ.' ಯಾರೂ ನಗಲಿಲ್ಲ. ಓಡಿಸುವವಳು ನಮ್ಮಮ್ಮ ಎಂದು ಆಗ ಹೇಳಿದೆ. ಕತ್ತರಿ ಕುರ್ಚಿಯನ್ನು ನನ್ನತ್ತ ತಿರುಗಿಸಿ, 'ನಿಮ್ಮಮ್ಮ ನೀನು ಹೇಳಿದ್ರೆ ಕೇಳ್ತಾರಾ?' ಅಂದಳು. ಹೇಳಿದರೆ ಕೇಳಲ್ಲ, ಬರೆದರೆ ಕೇಳುತ್ತಾಳೆ ಎಂದೆ. 'ಹಾಗಾದ್ರೆ ಬರಿ. ಎಷ್ಟು ಉದ್ದ ಬೇಕೋ ಅಷ್ಟು ಬರಿ' ಅಂದಳು. ಕತ್ತರಿಯ ಬಾಯಲ್ಲಿ ಈ ಮಾತು.

ಪರದೆಗೂ ಹೊಸ ಸಾಲೊಂದನ್ನು ಬರೆದುಕೊಟ್ಟಿದ್ದೇನೆ: 'ಮೂರನೇ ಗೂಡಿನ ಮೆಮೊರಿ ಪದೇ ಪದೇ ತಪ್ಪುತ್ತಿದೆ. ಹೊರೆ ಇಳಿಸಿ, ಕ್ರೇನ್ ನಿಲ್ಲಿಸಿ, ಪಟ್ಟಿ ಬದಲಿಸಿ.' ಒಂದಕ್ಷರವನ್ನೂ ಅವಳು ತೆಗೆಯಲಿಲ್ಲ. ಆದರೆ ಅದು ನಿನ್ನ ಕ್ರೇನಿಗೆ ಸೇರಬೇಕಾದರೂ ಮೊದಲು ಕ್ರೇನು ನಿಲ್ಲಬೇಕು. ಅಲ್ಲಿಯವರೆಗೆ ಈ ಕಾಗದವೇ ಆ ಸಾಲು.

ಕೈಸನ್ನೆಯ ಗೆಳತಿಗೂ ಕಾವಲುಗಾರ ತಾತನಿಗೂ ನನ್ನ ನೆನಪು ಹೇಳು. ತಾತನನ್ನು ಬಿಸಿಲಲ್ಲಿ ಅಷ್ಟು ದೂರ ನಡೆಸಿದ್ದಕ್ಕೆ ಬೇಜಾರಾಗಿದೆ ಎಂದೂ ಹೇಳು. ನೀನು ನೆಲದ ಮೇಲೆ, ನೆಮ್ಮದಿಯಾಗಿರಬೇಕು. ನಾನು ಬೇಡುವುದು ಇಷ್ಟೇ.

ಇಂತಿ ನಿನ್ನ
ಮೌನಗೌರಿ

ಮರೆತಿದ್ದು: ಮೆಕ್ಯಾನಿಕ್ ಈ ಕಾಗದ ಕೊಟ್ಟ ಮೇಲೆ ಹೊಸ ಪಟ್ಟಿ ಹಿಡಿದುಕೊಂಡು ಗೇಟಿನಲ್ಲೇ ನಿಂತಿರುತ್ತಾನೆ. ನೀನು ಹೇಳದೆ ಅವನನ್ನು ಒಳಗೆ ಬಿಡುವುದಿಲ್ಲ. ಅಧಿಕಾರಿಗೆ 'ನಾನು ಹತ್ತಲ್ಲ' ಅನ್ನು, ಅಷ್ಟೇ ಸಾಕು. ಕಾರಣ ಕೇಳಿದರೆ ಈ ಕಾಗದ ತೋರಿಸು. ಆಮೇಲೆ ನಿನ್ನ ಕೈ ವಿಚಾರ. ಮೆಕ್ಯಾನಿಕ್ ವಾಪಸು ಬರುವಾಗ ಅವನ ಹತ್ತಿರ ಎರಡು ಸಾಲು ಬರೆದು ಕೊಡು. ಸರಿಹೋಯ್ತು ಅಂತ ಬರೆಯಬೇಡ. ಎಷ್ಟು ಸಲ ಸರಿಹೋಯ್ತು ಅಂತ ಬರಿ.