ಕೊಡೆಗೆ ಬೀಳದ ಕಂಬಳಿಹುಳು

ರೀ,

ಇವತ್ತು ನನ್ನ ಉಪವಾಸ. ಬೆಳಿಗ್ಗೆ ಕಸ ಗುಡಿಸಿ, ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ನಿಮ್ಮ ಮಗಳ ತಲೆ ಬಾಚಿದೆ. ಅವಳು ಬಲಗೈ ಮುರಿದುಕೊಂಡಿದ್ದಕ್ಕೇ ನಾನು ಈ ಪರದೇಶಕ್ಕೆ ಬಂದಿರುವುದು. ಅವಳ ಸಂಶೋಧನೆಗೆ ಹುಳು ಹಿಡಿಯುವುದು ಈಗ ನಿಂತರೆ ವರ್ಷದ ದುಡಿಮೆಯೆಲ್ಲ ಹಾಳಂತೆ. ಹಾಗಾಗಿ ಗಿಡದ ಕೆಳಗೆ ಕೊಡೆಯನ್ನು ತಲೆಕೆಳಗಾಗಿ ಹಿಡಿದು ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಎಡಗೈಯಲ್ಲಿ ಕೊಂಬೆಗೆ ಕೋಲು ಬಡಿದಳು. ಹುಳುಗಳೆಲ್ಲ ಕೊಡೆಯೊಳಗೆ ಉದುರಿದವು, ಒಂದು ಕಂಬಳಿಹುಳು ಮಾತ್ರ ನನ್ನ ಮುಂಗೈ ಮೇಲೆ ಬಿತ್ತು.

"ಅಮ್ಮಾ, ಕೊಡವಬೇಡ. ಇದನ್ನೇ ನಾನು ಹುಡುಕ್ತಿದ್ದಿದ್ದು."

"ಬೇಗ ತೆಗಿಯೇ, ಜೀವ ಬಾಯಿಗೆ ಬಂದಿದೆ."

"ಹಾಗಾದ್ರೆ ಬಾಯಿ ಮುಚ್ಕೊಂಡಿರು."

ಅವಳು ಅದನ್ನು ಕುಂಚದಿಂದ ಡಬ್ಬಿಗೆ ಇಳಿಸುವ ತನಕ ಅಲುಗದೆ ನಿಂತೆ. ಕೈ ಇನ್ನೂ ಉರಿಯುತ್ತಿದೆ. ಮನೆಯ ಗೋಡೆ ಮೇಲೆ ಒಂದು ಕಂಬಳಿಹುಳು ಕಂಡರೂ ನಾನು ನಿಮ್ಮನ್ನು ಕೂಗುತ್ತಿದ್ದೆ. ನೀವು ಎಂಜಲು ಕೈಯಲ್ಲೇ ಎದ್ದು ಬರುತ್ತಿದ್ದಿರಿ. ಇವತ್ತೂ ಆ ಕೂಗು ನಾಲಿಗೆಯವರೆಗೆ ಬಂತು, ನುಂಗಿಕೊಂಡೆ. ಅಮ್ಮನಿಗೆ ಧೈರ್ಯ ಬಂತು ಎಂದು ಮಗಳು ನಕ್ಕಳು. ಹೌದು ಕಣೆ ಅಂದೆ.

ನೀವು ಹೋದ ಮೇಲೆ ನನಗೆ ನಿದ್ದೆ ಹತ್ತುವುದಿಲ್ಲ. ಏನಾದರೂ ಹೇಳುವುದಿದ್ದರೆ ಮಗಳ ಕನಸಿಗೆ ಬಂದು ಹೇಳಿ. ಬೆಳಿಗ್ಗೆ ಅವಳೇ ನನಗೆ ತಲುಪಿಸಲಿ.