ಬೂರುಗದ ಹತ್ತಿಯ ಚೀಲ

ಫೆಬ್ರವರಿ ೧೧, ಬುಧವಾರ

ಆ ಚೀಲ ನನ್ನ ಕಣ್ಣಿಗೆ ಬೀಳದೇ ಇದ್ದಿದ್ದರೆ ಚೆನ್ನಾಗಿತ್ತು.

ಪನಮರಂ ಪೇಟೆಯ ಅಂಗಡಿಯಲ್ಲಿ ಫೋಮ್ ಹಾಸಿಗೆಯನ್ನು ಮೂಸಿ, ಪೇಂಟಿನ ವಾಸನೆ ಬರುತ್ತದೆ, ಬೇಡ ಎಂದವಳು ನಾನೇ. ಎರಡು ತಿಂಗಳ ಕೂಸು ಅದನ್ನೇ ಉಸಿರಾಡಬೇಕಲ್ಲ. ಅದಕ್ಕೇ ಅತ್ತೆ ನಮ್ಮದೇ ಮರದ ಬೂರುಗದ ಹತ್ತಿ ತುಂಬಿ ಪುಟ್ಟ ಹಾಸಿಗೆ ಹೊಲಿದುಕೊಟ್ಟರು. ಒಂದು ವಾರದಿಂದ ಪಾಪು ಮಲಗಿದ್ದು ಅದರ ಮೇಲೆಯೇ.

ಇವತ್ತು ಮಧ್ಯಾಹ್ನ ಕಾಫಿ ಉಗ್ರಾಣದಲ್ಲಿ ಆ ಹತ್ತಿ ತುಂಬಿಟ್ಟಿದ್ದ ಚೀಲ ಖಾಲಿ ಬಿದ್ದಿತ್ತು. ಒಳಮೈ ಹೊರಗಾಗಿತ್ತು. ತಿರುಗಿಸಿದೆ. ತಲೆಬುರುಡೆಯ ಚಿತ್ರ, ಕೆಳಗೆ ಕೆಂಪು ತ್ರಿಕೋನ. ನಮ್ಮದು ಜೈನರ ಮನೆ. ಹಸಿ ಶುಂಠಿ ತಿನ್ನುವುದಿಲ್ಲ, ಬೆಳೆಯುವುದೂ ಇಲ್ಲ. ಗದ್ದೆಯನ್ನು ಮಾತ್ರ ಶುಂಠಿಯವರಿಗೆ ಗೇಣಿಗೆ ಕೊಟ್ಟಿದ್ದೆವು. ಅವರು ಹುಳಕ್ಕೆ ವಿಷ ಹಾಕಿ ಚೀಲ ಬಿಟ್ಟುಹೋಗಿದ್ದಾರೆ.

“ಚೆಂದ ತೊಳೆದು ಮೂರು ದಿವಸ ಬಿಸಿಲಿಗೆ ಹಾಕಿದ್ದೆ ಮೋಳೆ, ಏನೂ ಆಗಲ್ಲ ಮಗಳೇ,” ಎಂದರು ಅತ್ತೆ. ಹಾಗೆನ್ನುತ್ತಲೇ ಹಾಸಿಗೆಯನ್ನು ಎತ್ತಿಕೊಂಡು ಹೋಗಿ ಅಂಗಳದಾಚೆ ಹಾಕಿಬಂದರು.

ಪಾಪು ಈಗ ನನ್ನ ಹಳೇ ಸೀರೆಯ ಮೇಲೆ ಮಲಗಿದ್ದಾಳೆ. ಸೀನಿದರೂ ಎದ್ದು ಅವಳ ಉಸಿರು ನೋಡುತ್ತೇನೆ. ನಾಳೆ ಪಾಪುವನ್ನು ತೋರಿಸುವಾಗ ಡಾಕ್ಟರು ಕೇಳಿದರೆ ಒಂದೇ ವಾರ, ಅಷ್ಟೇ ಎಂದು ಹೇಳಬೇಕೆಂದುಕೊಂಡು ದಿಂಬಿಗೆ ತಲೆಯಿಟ್ಟೆ. ಆಗ ನೆನಪಾಯಿತು, ಈ ದಿಂಬು. ನಾನು ಐದು ತಿಂಗಳ ಬಸುರಿಯಾಗಿದ್ದಾಗ ಅತ್ತೆ ಇದನ್ನು ತುಂಬಿಕೊಟ್ಟಿದ್ದೂ ಅದೇ ಚೀಲದ ಹತ್ತಿಯಿಂದ. ಹೆರಿಗೆಯವರೆಗೂ ದಿನಾ ಇದರಲ್ಲೇ ಮುಖವಿಟ್ಟು ಮಲಗಿದ್ದೆ.